ಸತ್ಯ ಘಟನೆಯ ನಾಟಕ: ಪೋಸ್ಟರ್‌ನಲ್ಲಿ ಯಾರ ಹೆಸರು ಇರಬೇಕು?

ಸೈಡ್‌ವಿಂಗ್_ಸಾಗರ
ನಮ್ಮದು ಸಾಗರದ ಒಂದು ಸಣ್ಣ ಹವ್ಯಾಸಿ ತಂಡ. 1951ರ ಕಾಗೋಡು ಸತ್ಯಾಗ್ರಹದ ಮೇಲೆ ನಾಟಕ ಕಟ್ಟುತ್ತಿದ್ದೇವೆ. ಗೊತ್ತಿಲ್ಲದವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ಗೇಣಿ ಭತ್ತ ಅಳೆಯುವ ಕೊಳಗ ಎಷ್ಟು ದೊಡ್ಡದಿರಬೇಕು ಅನ್ನುವಲ್ಲಿಂದ ಎದ್ದ ಜಗಳ ಅದು. ಒಕ್ಕಲುಗಳಲ್ಲಿ ಹೆಚ್ಚಿನವರು ದೀವರ ಸಮುದಾಯದವರು. ಎಚ್. ಗಣಪತಿಯಪ್ಪನವರು ಅವರನ್ನೆಲ್ಲ ಸಂಘ ಕಟ್ಟಿ ಒಟ್ಟು ಮಾಡಿದರು. ಒಕ್ಕಲೆಬ್ಬಿಸಿದ ಗದ್ದೆಗೇ ಇಳಿದು ಉಳುಮೆ ಮಾಡಿ ಜೈಲಿಗೆ ಹೋದರು ಜನ. ಸಮಾಜವಾದಿ ಪಕ್ಷ ಬೆನ್ನಿಗೆ ನಿಂತಿತು, ಶಾಂತವೇರಿ ಗೋಪಾಲಗೌಡರು ಬಂದರು, ರಾಮಮನೋಹರ ಲೋಹಿಯಾ ಬಂದು ಅರೆಸ್ಟ್ ಆದರು.

ಈಗ ತಂಡದಲ್ಲಿ ಎರಡು ವಿಷಯಕ್ಕೆ ಭಿನ್ನಾಭಿಪ್ರಾಯ. ಮೊದಲನೆಯದು ಪೋಸ್ಟರ್. ರಚನೆ, ನಿರ್ದೇಶನ, ಸಂಗೀತ, ರಂಗಸಜ್ಜಿಕೆ, ಬೆಳಕು, ಪ್ರಸಾಧನ ಅಂತ ನಮ್ಮೆಲ್ಲರ ಹೆಸರು ಬಂದಿದೆ. ಊರೂರಿಗೆ ಹೋಗಿ ಮಾತಾಡಿಸಿದ ಹಿರಿಯರ ಹೆಸರು ಎಲ್ಲೂ ಇಲ್ಲ. ಕೇಳಿದರೆ, ನಾಟಕ ಮುಗಿದ ಮೇಲೆ ಮೈಕಿನಲ್ಲಿ ಕೃತಜ್ಞತೆ ಹೇಳೋಣ ಅನ್ನುತ್ತಾರೆ. ಎರಡನೆಯದು, ನಾಲ್ಕೈದು ಹೆಂಗಸರು ಹೇಳಿದ ಅನುಭವಗಳನ್ನು ಸೇರಿಸಿ ಒಂದೇ ಪಾತ್ರ ಮಾಡಿದ್ದೇವೆ. ಇದು ಸರಿಯಾ?

ನನಗೆ ಎರಡೂ ಮನಸ್ಸಿಗೆ ಒಗ್ಗುತ್ತಿಲ್ಲ.

ತುಂಗಾತೀರ
ನಾಟಕ ಬರೆಯುವವನಾಗಿ ಹೇಳುತ್ತೇನೆ. ಮಾತು ಕೊಟ್ಟವರು ಬೇರೆ, ನಾಟಕ ಬರೆದವರು ಬೇರೆ. ಗಂಟೆಗಟ್ಟಲೆ ರೆಕಾರ್ಡಿಂಗ್ ಕೇಳಿ, ಯಾವ ಮಾತು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಅಂತ ತೀರ್ಮಾನ ಮಾಡುವುದೇ ಬರವಣಿಗೆ. ಆ ಹೊಣೆ ಬರೆದವರ ತಲೆ ಮೇಲೆ ಇರಲಿ. ಎಲ್ಲರ ಹೆಸರನ್ನೂ ತಂಡಕ್ಕೆ ಸೇರಿಸಿದರೆ ನಾಳೆ ತಪ್ಪು ಆದಾಗ ಯಾರನ್ನು ಕೇಳುತ್ತೀರಿ?

ಪಾತ್ರ ಸೇರಿಸುವುದಕ್ಕಂತೂ ನನ್ನ ಪೂರ್ತಿ ಬೆಂಬಲ. ದೆಹಲಿಯ ಬೀದಿನಾಟಕ ತಂಡ ಜನ ನಾಟ್ಯ ಮಂಚ್ 1978ರಲ್ಲಿ ಮಾಡಿದ ‘ಮಶೀನ್’ ನೆನಪಿಸಿಕೊಳ್ಳಿ. ಗಾಜಿಯಾಬಾದಿನ ಒಂದು ಕಾರ್ಖಾನೆಯಲ್ಲಿ ಕಾರ್ಮಿಕರು ಕೇಳಿದ್ದು ಸೈಕಲ್ ನಿಲ್ಲಿಸಲು ಜಾಗ ಮತ್ತು ಒಂದು ಕ್ಯಾಂಟೀನ್. ಅಷ್ಟಕ್ಕೇ ಗುಂಡು ಹಾರಿತು, ಆರು ಜನ ಸತ್ತರು. ನಾಟಕದಲ್ಲಿ ಸತ್ತ ಯಾರ ಹೆಸರೂ ಇಲ್ಲ. ನಟರೇ ಸೇರಿ ಒಂದು ಯಂತ್ರವಾಗುತ್ತಾರೆ, ಯಂತ್ರ ನಿಂತುಬಿಡುತ್ತದೆ. ಹದಿಮೂರು ನಿಮಿಷದ ನಾಟಕ. ಅದರಲ್ಲಿ ಸುಳ್ಳು ಏನಾದರೂ ಇದೆಯಾ? ಇಲ್ಲ. ವಿವರ ಬಿಟ್ಟರೂ ಸತ್ಯ ಉಳಿಯಿತು.

ಒಕ್ಕಲುಮನೆ
ನಮ್ಮ ಅಜ್ಜ ಆ ಹೋರಾಟದಲ್ಲಿ ಇದ್ದವರು. ಅಜ್ಜಿಯೂ ಇದ್ದರು, ಆದರೆ ಅಜ್ಜಿಯ ಬಗ್ಗೆ ಯಾರೂ ಬರೆದಿಲ್ಲ. ನಮ್ಮ ಮನೆಗೆ ಹಿಂದೊಮ್ಮೆ ಒಂದು ತಂಡದವರು ಬಂದಿದ್ದರು. ಅಜ್ಜಿ ಮಧ್ಯಾಹ್ನದಿಂದ ದೀಪ ಹಚ್ಚುವ ಹೊತ್ತಿನವರೆಗೆ ಮಾತಾಡಿದರು. ಫೋಟೋ ತೆಗೆದರು, ಮಜ್ಜಿಗೆ ಕುಡಿದರು, ಹೋದರು. ನಾಟಕ ಯಾವಾಗ ಆಯಿತು, ಆಯಿತೋ ಇಲ್ಲವೋ, ನಮಗೆ ಈವರೆಗೂ ಗೊತ್ತಿಲ್ಲ. ಅಜ್ಜಿ ತೀರಿಕೊಳ್ಳುವ ತನಕ ಕೇಳುತ್ತಿದ್ದರು, ‘ಆ ಹುಡುಗ್ರು ಮತ್ತೆ ಬರ್ಲೇ ಇಲ್ವಾ?’ ಅಂತ.

ತುಂಗಾತೀರ ಅವರೇ, ನೀವು ಹೊಣೆ ಅಂತ ಹೇಳಿದಿರಿ. ಆ ಹೊಣೆಯಲ್ಲಿ ಇದು ಬರುವುದಿಲ್ಲವಾ?

ತುಂಗಾತೀರ
ಅದು ಆಗಬಾರದಿತ್ತು. ಆದರೆ ಅದು ನಡವಳಿಕೆಯ ತಪ್ಪು. ಪೋಸ್ಟರ್‌ನಲ್ಲಿ ಹೆಸರು ಹಾಕಿಯೂ ಮತ್ತೆ ಮನೆಗೆ ಹೋಗದಿರಬಹುದು. ಎರಡನ್ನೂ ಕಲಸಬೇಡಿ.

ಬೆಳಕು_ಶಿವಮೊಗ್ಗ
ನಾನು ಬೆಳಕಿನ ಕೆಲಸ ಮಾಡುವವನು, ಸೈಡ್‌ವಿಂಗ್ ಅವರ ತಂಡಕ್ಕೂ ನಾನೇ. ನಾಟಕ ಬರೆದವರು, ಕತೆ ಹೇಳಿದವರು ಅಂತ ಎರಡೇ ಪಂಗಡ ಮಾಡಿ ನೋಡುತ್ತಿದ್ದೀರಿ. ತಾಲೀಮಿನಲ್ಲಿ ಆಗಿದ್ದನ್ನು ಹೇಳುತ್ತೇನೆ, ಆಮೇಲೆ ನೀವೇ ಯೋಚಿಸಿ.

ರಾತ್ರಿ ಸಭೆಯ ದೃಶ್ಯಕ್ಕೆ ನಾನು ಎಲ್ಲರೂ ಮಾಡುವ ಹಾಗೆ ನೀಲಿ ಬೆಳಕು ಹಾಕಿದ್ದೆ. ಆಗ ಹುಡುಗರಾಗಿದ್ದು ಈಗ ಎಂಬತ್ತು ದಾಟಿದ ಹಿರಿಯರೊಬ್ಬರನ್ನು ಆ ದಿನ ಕರೆಸಿದ್ದೆವು. ಅವರು ನೋಡಿ, ‘ನಮಗೆ ಆಗ ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ, ಲಾಟೀನು ನೆಲದ ಮೇಲೆ ಇರುತ್ತಿತ್ತು’ ಅಂದರು. ನೀಲಿ ಆರಿಸಿ ಕೆಳಗಿನಿಂದ ಹಳದಿ ಬೆಳಕು ಕೊಟ್ಟೆ. ನಟರು ತಾವಾಗಿಯೇ ಹತ್ತಿರ ಹತ್ತಿರ ಬಂದು ಕೂತರು. ದನಿ ಇಳಿಯಿತು. ನಿರ್ದೇಶಕರು ಆ ದೃಶ್ಯದ ಚಲನೆಯನ್ನೆಲ್ಲ ಬದಲಾಯಿಸಿದರು. ಅಕ್ಕಪಕ್ಕದ ಎರಡು ಸಂಭಾಷಣೆಗಳನ್ನು ತೆಗೆದೇಬಿಟ್ಟರು, ಬೇಕಾಗಲಿಲ್ಲ.

ಕೊಳಗ ಅಳೆಯುವ ದೃಶ್ಯದಲ್ಲೂ ಹಾಗೇ. ನಮ್ಮ ನಟ ಭತ್ತ ಸುರಿದು, ಅಂಗೈಯಿಂದ ಸವರಿ, ಬೇಗ ಬೇಗ ಅಳೆದು ಮುಗಿಸುತ್ತಿದ್ದ. ಹಿರಿಯರು ಎದ್ದು ಬಂದು ನೆಲದ ಮೇಲೆ ಕೂತರು. ಎಡಗೈಯನ್ನು ಕೊಳಗದ ಬಾಯಿಗೆ ಬಳಸಿ ಹಿಡಿದರು, ಬಲಗೈಯಲ್ಲಿ ಭತ್ತ ಎಳೆದು ಎಳೆದು ಮೇಲೆ ಗೋಪುರದ ಹಾಗೆ ಏರಿಸಿದರು. ಒಂದು ಅನ್ನುವ ಬದಲು ‘ಲಾಭ’ ಅಂತ ಎಣಿಕೆ ಶುರು ಮಾಡಿ ಎರಡು, ಮೂರು ಅಂತ ಹೋದರು. ಕೈ ತೆಗೆಯುವಷ್ಟರಲ್ಲಿ ಅರ್ಧ ಸೇರು ಜಾಸ್ತಿಯೇ ಹೋಗಿತ್ತೇನೋ. ಜಗಳ ಯಾಕೆ ಆಯಿತು ಅಂತ ನಮ್ಮ ನಟನಿಗೆ ಆಗ ಅರ್ಥ ಆಯಿತು. ಯಾವ ಡೈಲಾಗೂ ಅದನ್ನು ಹೇಳುತ್ತಿರಲಿಲ್ಲ.

ಬೆಳಕಿನ ವಿನ್ಯಾಸ ಅಂತ ಪೋಸ್ಟರ್‌ನಲ್ಲಿ ನನ್ನ ಹೆಸರಿದೆ. ಆ ದೃಶ್ಯದ ವಿನ್ಯಾಸದಲ್ಲಿ ಅರ್ಧ ಪಾಲು ಅವರದು.

ಮೇಷ್ಟ್ರು_ಹೊಸನಗರ
ಬೆಳಕು ಅವರೇ, ಚೆನ್ನಾಗಿ ಹೇಳಿದಿರಿ. ಇದಕ್ಕೆ ಹೊರಗಿನ ಒಂದು ಉದಾಹರಣೆ ಸೇರಿಸುತ್ತೇನೆ.

1998ರ ಅಕ್ಟೋಬರಿನಲ್ಲಿ ಅಮೆರಿಕದ ವಯೋಮಿಂಗ್ ರಾಜ್ಯದ ಲ್ಯಾರಮಿ ಅನ್ನುವ ಊರಿನಲ್ಲಿ ಮ್ಯಾಥ್ಯೂ ಶೆಪರ್ಡ್ ಅನ್ನುವ 21 ವರ್ಷದ ವಿದ್ಯಾರ್ಥಿಯನ್ನು ಹೊಡೆದು ಬೇಲಿಗೆ ಕಟ್ಟಿ ಬಿಟ್ಟುಹೋದರು. ಆತ ಸಲಿಂಗಿ ಅನ್ನುವ ದ್ವೇಷ ಅದರ ಹಿಂದಿತ್ತು. ಕೆಲವು ದಿನಕ್ಕೆ ಹುಡುಗ ತೀರಿಕೊಂಡ. ಮುಂದಿನ ತಿಂಗಳೇ ಮೊಯ್ಸೆಸ್ ಕೌಫ್‌ಮನ್ ಅವರ ಟೆಕ್ಟಾನಿಕ್ ಥಿಯೇಟರ್ ಪ್ರಾಜೆಕ್ಟ್ ಅನ್ನುವ ನ್ಯೂಯಾರ್ಕ್ ತಂಡ ಆ ಊರಿಗೆ ಹೋಯಿತು. ಬರಹಗಾರರೊಬ್ಬರೇ ಹೋಗಲಿಲ್ಲ, ನಟರೇ ಹೋದರು. ಮತ್ತೆ ಮತ್ತೆ ಹೋಗಿ ಇನ್ನೂರಕ್ಕೂ ಹೆಚ್ಚು ಸಂದರ್ಶನ ಮಾಡಿದರು. ‘ದಿ ಲ್ಯಾರಮಿ ಪ್ರಾಜೆಕ್ಟ್’ 2000ದ ಫೆಬ್ರವರಿಯಲ್ಲಿ ಡೆನ್ವರಿನಲ್ಲಿ ಮೊದಲು ರಂಗಕ್ಕೆ ಬಂತು. ಅದರಲ್ಲಿ ಊರಿನವರ ಮಾತು ಊರಿನವರ ಮಾತಾಗಿಯೇ ಇದೆ. ಜೊತೆಗೆ ಸಂದರ್ಶನ ಮಾಡಿದ ನಟರೂ ತಮ್ಮ ಹೆಸರಿನಲ್ಲೇ ಪಾತ್ರವಾಗಿ ಬರುತ್ತಾರೆ. ಯಾರು ಕೇಳಿದರು, ಯಾರು ಹೇಳಿದರು, ಎರಡೂ ಪ್ರೇಕ್ಷಕನಿಗೆ ಕಾಣುತ್ತದೆ. ಅದೇ ವರ್ಷ ಆ ಊರಿಗೇ ಹೋಗಿ ಆಡಿದರು. 2008ರಲ್ಲಿ, ಹತ್ತು ವರ್ಷ ಆದ ಮೇಲೆ, ಮತ್ತೆ ಅಲ್ಲಿಗೆ ಹೋದರು.

ನನಗೆ ದೊಡ್ಡದಾಗಿ ಕಾಣುವುದು ಆ ಮತ್ತೆ ಹೋಗುವುದು. ಒಕ್ಕಲುಮನೆ ಅವರ ಅಜ್ಜಿ ಕೇಳಿದ್ದೂ ಅದನ್ನೇ ಅಲ್ವಾ?

ಈಸೂರು_ಕಡೆಯವಳು
ನಾನು ಶಿಕಾರಿಪುರ ತಾಲೂಕಿನವಳು. ಈಸೂರಿನ ಕತೆ ನಿಮಗೆಲ್ಲ ಗೊತ್ತು. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಅಂತ 1942ರಲ್ಲಿ ಊರಿಗೆ ಊರೇ ಸ್ವತಂತ್ರ ಅಂತ ಸಾರಿಕೊಂಡಿತು, ಹುಡುಗರನ್ನೇ ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಮಾಡಿತು. ಆಮೇಲೆ ನಡೆದ ಗಲಾಟೆಯಲ್ಲಿ ನಿಜವಾದ ಅಮಲ್ದಾರರು, ಸಬ್ ಇನ್ಸ್‌ಪೆಕ್ಟರು ಇಬ್ಬರೂ ಸತ್ತರು. 1943ರಲ್ಲಿ ಊರಿನ ಐವರಿಗೆ ಗಲ್ಲಾಯಿತು.

ನಮ್ಮ ಕಡೆ ಶಾಲೆಗಳಲ್ಲಿ ಇದನ್ನು ಆಡಿಸುತ್ತಲೇ ಇರುತ್ತಾರೆ. ಪ್ರತಿ ಸಲ ಘೋಷಣೆ ಇರುತ್ತದೆ, ಡೊಳ್ಳು ಇರುತ್ತದೆ, ಗಲ್ಲಿನ ದೃಶ್ಯ ಇರುತ್ತದೆ. ಆ ಗಲಾಟೆಯ ನಂತರ ಪೊಲೀಸರು ಊರಿಗೆ ನುಗ್ಗಿದಾಗ ಮನೆಯಲ್ಲಿ ಉಳಿದ ಹೆಂಗಸರು, ಮಕ್ಕಳು ಏನು ಪಾಡು ಪಟ್ಟರು ಅನ್ನುವುದು ಒಂದು ನಿಮಿಷದಲ್ಲಿ ಮುಗಿಯುತ್ತದೆ. ಸತ್ತ ಇಬ್ಬರು ಅಧಿಕಾರಿಗಳಿಗೂ ಹೆಂಡತಿ ಮಕ್ಕಳು ಇದ್ದಿರಬಹುದು ಅನ್ನುವುದು ಬರುವುದೇ ಇಲ್ಲ. ತಂಡದೊಳಗೆ ಊರಿನವರು ಒಬ್ಬರಾದರೂ ಕೂತಿದ್ದರೆ ಹೀಗೆ ಆಗುತ್ತಿರಲಿಲ್ಲ. ಪೋಸ್ಟರ್ ಆಮೇಲಿನ ಮಾತು. ಬರೆಯುವಾಗ ಪಕ್ಕದಲ್ಲಿ ಯಾರು ಕೂತಿದ್ದರು ಅನ್ನುವುದೇ ಮುಖ್ಯ.

ಹಳೇಮನೆ
ನಾನು ಇನ್ನೊಂದು ಕಡೆಯವನು. ನಮ್ಮ ಮನೆತನ ಗೇಣಿ ಪಡೆಯುತ್ತಿದ್ದ ಮನೆತನ, ಊರು ಬೇರೆ. ಅನ್ಯಾಯ ಆಗಿದ್ದು ನಿಜ, ಅದರಲ್ಲಿ ವಾದ ಇಲ್ಲ. ಭೂಸುಧಾರಣೆ ಕಾಯ್ದೆಗೆ 1974ರ ತಿದ್ದುಪಡಿ ಬಂದ ಮೇಲೆ ನಮ್ಮ ಒಕ್ಕಲುಗಳು ಡಿಕ್ಲರೇಶನ್ ಹಾಕಿದರು, ಭೂಮಿ ಅವರದಾಯಿತು. ಆಗಬೇಕಾದ್ದೇ ಆಯಿತು. ಆದರೆ ನಾಟಕಗಳಲ್ಲಿ ಧಣಿ ಅಂದರೆ ದಪ್ಪ ಮೀಸೆ, ದೊಡ್ಡ ನಗು. ಅಷ್ಟು ಸುಲಭದ ಮನುಷ್ಯ ಆಗಿದ್ದರೆ ಅವನ ಎದುರು ನಿಲ್ಲಲು ಅಷ್ಟು ವರ್ಷ ಯಾಕೆ ಬೇಕಾಯಿತು? ನಗುನಗುತ್ತಾ, ಹಬ್ಬಕ್ಕೆ ಬಟ್ಟೆ ಕೊಟ್ಟು, ಕೊಳಗ ಮಾತ್ರ ದೊಡ್ಡದು ಇಟ್ಟುಕೊಂಡವರು ಅವರು. ನಮ್ಮ ಕಡೆಯವರನ್ನೂ ಮಾತಾಡಿಸಿ.

ಒಕ್ಕಲುಮನೆ
ಹಳೇಮನೆ ಅವರೇ, ಇದನ್ನು ನೀವೇ ಹೇಳಿದ್ದು ಒಳ್ಳೆಯದಾಯಿತು. ನಮ್ಮ ಅಜ್ಜನೂ ಹಾಗೇ ಹೇಳುತ್ತಿದ್ದರು, ಬೈದವರಿಗಿಂತ ಚೆನ್ನಾಗಿ ಮಾತಾಡಿಸಿದವರ ಎದುರು ನಿಲ್ಲುವುದೇ ಕಷ್ಟವಾಗಿತ್ತು ಅಂತ.

ಇನ್ನು ಹೆಸರು ಹಾಕುವ ವಿಷಯ. ಒಂದು ಎಚ್ಚರಿಕೆ ಇರಲಿ. ಎಲ್ಲರಿಗೂ ಹೆಸರು ಬೇಕಿರುವುದಿಲ್ಲ. ಎರಡೂ ಕಡೆಯ ಮೊಮ್ಮಕ್ಕಳು ಇವತ್ತು ಒಂದೇ ಸೊಸೈಟಿಯಲ್ಲಿ ಅಡಿಕೆ ಮಾರುತ್ತಾರೆ, ಒಂದೇ ಶಾಲೆಗೆ ಮಕ್ಕಳನ್ನು ಕಳಿಸುತ್ತಾರೆ. ಯಾವುದೋ ಅಜ್ಜಿ ಮನಸ್ಸು ಬಿಚ್ಚಿ ಹೇಳಿದ ಮಾತು ಹೆಸರಿನ ಜೊತೆ ವೇದಿಕೆಗೆ ಬಂದರೆ ಮಗನಿಗೆ ಮುಜುಗರ ಆಗಬಹುದು.

ಮೇಷ್ಟ್ರು_ಹೊಸನಗರ
ಹಾಗಾದರೆ ಒಬ್ಬೊಬ್ಬರನ್ನೇ ಕೇಳಬೇಕು. ಹೆಸರು ಹಾಕಲಾ, ಬೇಡವಾ, ಈ ಮಾತು ಇರಲಾ, ತೆಗೆಯಲಾ ಅಂತ. ರೆಕಾರ್ಡ್ ಮಾಡುವ ದಿನ ಒಪ್ಪಿದವರನ್ನೂ ಸ್ಕ್ರಿಪ್ಟ್ ಓದಿ ಹೇಳಿ ಮತ್ತೆ ಕೇಳಬೇಕು. ಹಜಾರದಲ್ಲಿ ಕೂತು ಮಾತಾಡುವುದೇ ಬೇರೆ, ಅದೇ ಮಾತನ್ನು ಬೇರೆಯವರ ಬಾಯಲ್ಲಿ ಇನ್ನೂರು ಜನರ ಎದುರು ಕೇಳುವುದೇ ಬೇರೆ.

ತುಂಗಾತೀರ
ಸ್ಕ್ರಿಪ್ಟ್ ಓದಿ ಒಪ್ಪಿಗೆ ಕೇಳಲು ಹೋದರೆ ನಾಟಕ ಉಳಿಯುವುದಿಲ್ಲ ಮೇಷ್ಟ್ರೇ. ಒಬ್ಬರು ತಮ್ಮ ಅಣ್ಣ ಹೆದರಿ ಓಡಿದ್ದನ್ನು ತೆಗೆಯಿರಿ ಅನ್ನುತ್ತಾರೆ, ಇನ್ನೊಬ್ಬರು ನಮ್ಮ ಅಪ್ಪನಿಗೆ ಒಂದು ಭಾಷಣ ಕೊಡಿ ಅನ್ನುತ್ತಾರೆ. ಕೊನೆಗೆ ಉಳಿಯುವುದು ಸನ್ಮಾನ ಪತ್ರ. ಹೋರಾಟದಲ್ಲಿ ಹೆದರಿದವರೂ ಇದ್ದರು ಅಂತ ಹೇಳದಿದ್ದರೆ ಹೆದರದೆ ನಿಂತವರ ಬೆಲೆ ಹೇಗೆ ಗೊತ್ತಾಗಬೇಕು? ಇದನ್ನು ಮಾತ್ರ ನಾನು ಬಿಟ್ಟುಕೊಡಲಾರೆ.

ಈಸೂರು_ಕಡೆಯವಳು
ಈ ಮಾತು ಒಪ್ಪುತ್ತೇನೆ. ಅದಕ್ಕೇ ಪಾತ್ರ ಸೇರಿಸುವುದು ಕೆಲವು ಕಡೆ ಬೇಕೇ ಬೇಕು. ಓಡಿಹೋದವರಿಗೆ ಹೆಸರು ಬೇಡ, ಓಡಿದ್ದು ಇರಲಿ. ಆದರೆ ಧೈರ್ಯ ಮಾಡಿದ ನಾಲ್ಕೈದು ಹೆಂಗಸರನ್ನು ಒಂದೇ ಹೆಂಗಸಾಗಿ ಮಾಡಬೇಡಿ. ಗಂಡಸರ ಹೋರಾಟದ ಮಧ್ಯೆ ಒಬ್ಬ ಗಟ್ಟಿಗಿತ್ತಿ ಇದ್ದಳಂತೆ ಅಂತ ಪ್ರೇಕ್ಷಕ ಮನೆಗೆ ಹೋಗುತ್ತಾನೆ. ಹಲವರು ಇದ್ದರು ಅನ್ನುವುದೇ ಅಲ್ಲಿ ದೊಡ್ಡ ವಿಷಯ. ಲೋಹಿಯಾ ದೃಶ್ಯವನ್ನು ಸ್ವಲ್ಪ ಕಡಿಮೆ ಮಾಡಿ, ಜಾಗ ಸಿಗುತ್ತದೆ.

ಸೈಡ್‌ವಿಂಗ್_ಸಾಗರ
ಲೋಹಿಯಾ ಸದ್ಯಕ್ಕೆ ಇಪ್ಪತ್ತು ನಿಮಿಷ ಇದ್ದಾರೆ. ಹೌದು, ಅಲ್ಲಿ ಕತ್ತರಿ ಹಾಕಬಹುದು.

ರಂಗಸಜ್ಜಿಕೆಯ ಒಂದು ಸಂಗತಿ ಹೇಳಬೇಕು. ಹಿಂದಿನ ಗೋಡೆಗೆ ದೀವರ ಹಸೆ ಚಿತ್ತಾರ ಇರಲಿ ಅಂತ ನಮ್ಮ ವಿನ್ಯಾಸಕರು ಆಕ್ರಿಲಿಕ್ ಬಣ್ಣದಲ್ಲಿ ಬರೆಯಲು ಹೊರಟಿದ್ದರು. ಊರಿನ ಒಬ್ಬ ಅಮ್ಮ ಬಂದು ನೋಡಿ, ಮದುವೆಗೆ ಬರೆಯುವ ಚಿತ್ತಾರವನ್ನು ಜಪ್ತಿಯ ದೃಶ್ಯದ ಹಿಂದೆ ಇಡುತ್ತೀರಾ ಅಂತ ಕೇಳಿದರು. ಆಮೇಲೆ ಅವರೇ ದಾರಿ ಹೇಳಿದರು. ಭೂಮಿ ಹುಣ್ಣಿಮೆಯ ಬುಟ್ಟಿಯನ್ನು ಚಿತ್ತಾರ ಬರೆದು ಒಂದು ಮೂಲೆಯಲ್ಲಿ ಇಡಿ, ಗದ್ದೆಗೆ ಚರಗ, ಅಂದರೆ ಎಡೆಯ ಅನ್ನ, ಚೆಲ್ಲಲು ಹೋಗುವುದು ಅದರಲ್ಲೇ ಅಂತ. ಕೆಮ್ಮಣ್ಣು ಬಳಿದು, ಪುಂಡಿ ನಾರಿನ ಕುಂಚ ಕಟ್ಟಿ, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಅವರೇ ಬರೆದುಕೊಟ್ಟಿದ್ದಾರೆ. ಗದ್ದೆ ಕಳೆದುಕೊಳ್ಳುವ ದೃಶ್ಯದಲ್ಲಿ ಆ ಬುಟ್ಟಿ ಖಾಲಿ ಇರುತ್ತದೆ. ಪೋಸ್ಟರ್‌ನ ರಂಗಸಜ್ಜಿಕೆ ಸಾಲಿನಲ್ಲಿ ಅವರ ಹೆಸರಿಲ್ಲ.

ತುಂಗಾತೀರ
ಇದು ಬೇರೆ. ಅವರು ಕೈಯಾರೆ ಕೆಲಸ ಮಾಡಿದ್ದಾರೆ, ದೃಶ್ಯದ ಅರ್ಥವನ್ನೇ ಬದಲಾಯಿಸಿದ್ದಾರೆ. ಅವರ ಹೆಸರು ವಿನ್ಯಾಸಕರ ಹೆಸರಿನ ಪಕ್ಕದಲ್ಲೇ ಬರಬೇಕು, ಅಕ್ಷರ ಚಿಕ್ಕದು ಮಾಡದೆ. ಕೊಳಗ ಅಳೆದು ತೋರಿಸಿದ ಹಿರಿಯರಿಗೂ ಅದೇ ನ್ಯಾಯ. ನನ್ನ ತಕರಾರು ಇರುವುದು ರಚನೆಯ ಸಾಲಿಗೆ ಮಾತ್ರ. ಅಲ್ಲಿ ಬರೆದವರ ಹೆಸರೇ ಇರಲಿ. ಅದರ ಕೆಳಗೆ, ಯಾರ ನೆನಪಿನಿಂದ ಬರೆದದ್ದು ಅಂತ ಒಪ್ಪಿದವರ ಹೆಸರು ಹಾಕಿ.

ಮೇಷ್ಟ್ರು_ಹೊಸನಗರ
ಅಹಮದಾಬಾದಿನ ಛಾರಾ ಸಮುದಾಯದವರು 1998ರಲ್ಲಿ ಬುಧನ್ ಥಿಯೇಟರ್ ಶುರು ಮಾಡಿದರು. ಬಂಗಾಳದ ಪುರುಲಿಯಾದಲ್ಲಿ ಪೊಲೀಸರ ವಶದಲ್ಲಿ ಸತ್ತ ಬುಧನ್ ಸಬರ್ ಅವರ ಕತೆಯಿಂದ ಬಂದ ಹೆಸರು ಅದು. ಬ್ರಿಟಿಷರ ಕಾಲದಲ್ಲಿ ‘ಅಪರಾಧಿ ಬುಡಕಟ್ಟು’ ಅಂತ ಹಣೆಪಟ್ಟಿ ಹಚ್ಚಿಸಿಕೊಂಡ ಜನ ತಾವೇ ಆಡಿದರು. ಕಾಗೋಡಿನ ಹುಡುಗರು ನಿಮ್ಮ ತಂಡದಲ್ಲಿ ಎಷ್ಟು ಜನ ಇದ್ದಾರೆ?

ಸೈಡ್‌ವಿಂಗ್_ಸಾಗರ
ಒಬ್ಬರೂ ಇಲ್ಲ ಮೇಷ್ಟ್ರೇ. ಸಾಗರದವರು, ಹೆಗ್ಗೋಡಿನ ಕಡೆಯವರು, ಶಿವಮೊಗ್ಗದಿಂದ ಇಬ್ಬರು.

ಬೆಳಕು_ಶಿವಮೊಗ್ಗ
ಗುಂಪಿನ ದೃಶ್ಯಗಳಿಗೆ ಇನ್ನೂ ಆರೇಳು ಜನ ಬೇಕಲ್ಲ. ಸಾಗರದಲ್ಲಿ ಹುಡುಕುವ ಬದಲು ಅಲ್ಲೇ ಕೇಳೋಣ. ಅಡಿಕೆ ಕೊನೆ ಕೊಯ್ಲು ಮುಗಿದಿದೆ, ಈಗ ಹುಡುಗರಿಗೆ ಸಂಜೆ ಬಿಡುವು ಇರುತ್ತದೆ. ಮೊದಲ ಪ್ರದರ್ಶನವೂ ಅಲ್ಲೇ ಆಗಲಿ, ಶಿವಮೊಗ್ಗದ ರಂಗಮಂದಿರ ಆಮೇಲೆ. ದೊಡ್ಡ ಲೈಟುಗಳು ಬೇಡ, ಸಣ್ಣ ಸೆಟ್ಟಿನಲ್ಲಿ ಮಾಡಿಕೊಡುತ್ತೇನೆ.

ಒಕ್ಕಲುಮನೆ
ಹಾಗಾದರೆ ಜಾಗ, ಕರೆಂಟು, ತಂಡದ ಊಟ ಊರಿನ ಕಡೆಯಿಂದ ಆಗುತ್ತದೆ, ನಾನು ಮಾತಾಡುತ್ತೇನೆ. ಸೈಡ್‌ವಿಂಗ್ ಅವರೇ, ಭಾನುವಾರ ಸ್ಕ್ರಿಪ್ಟ್ ಹಿಡಿದುಕೊಂಡು ನಿರ್ದೇಶಕರನ್ನೂ ಕರೆದುಕೊಂಡು ಬನ್ನಿ. ಹಿರಿಯರು ಬೆಳಗ್ಗೆ ಹತ್ತರೊಳಗೆ ಆದರೆ ಸಿಗುತ್ತಾರೆ, ಊಟ ಆದ ಮೇಲೆ ಮಲಗುತ್ತಾರೆ. ಪೋಸ್ಟರ್ ಅಲ್ಲಿಯವರೆಗೆ ಪ್ರಿಂಟಿಗೆ ಕೊಡಬೇಡಿ.