ಸಹಾಯ ಬೇಕು: ಮನೆಮಂದಿಯೆಲ್ಲ ಕೂತು ನೋಡುವ ಕತೆಗಳಿಗೆ

ಎಲ್ಲರಿಗೂ ನಮಸ್ಕಾರ. ನಾನು ಮಾಜಿ ಸೈನಿಕ. ರಜೆಗೆ ಬಂದಾಗ ಮಗಳು ನನ್ನ ತೊಡೆ ಮೇಲೆ ಕೂತು ಟಿವಿ ನೋಡುತ್ತಿದ್ದಳು. ಹೊಡೆದಾಟ ಬಂದ ತಕ್ಷಣ ನನ್ನ ಅಂಗೈ ಎಳೆದು ಕಣ್ಣಿಗೆ ಮುಚ್ಚಿಕೊಳ್ಳುತ್ತಿದ್ದಳು. ಅದನ್ನು ಮರೆಯೋಕೆ ಆಗಿಲ್ಲ. ಅಜ್ಜಿ, ಮೊಮ್ಮಕ್ಕಳು ಒಟ್ಟಿಗೆ ಕೂತು ನೋಡುವಂಥ ಕತೆಗಳಿಗೆಂದೇ ಈಗ ಪುಟ್ಟ ಕಂಪನಿ ಕಟ್ಟುತ್ತಿದ್ದೇನೆ. ಮೂರು ಕತೆಗಳ ಶೂಟಿಂಗ್ ಮುಗಿದಿದೆ.

ತೊಡಕು ಇಲ್ಲಿದೆ. ಯೂಟ್ಯೂಬ್‌ನಲ್ಲಿ 2020ರಿಂದ ಪ್ರತಿ ವಿಡಿಯೋ ಮಕ್ಕಳಿಗಾಗಿಯೋ ಅಲ್ಲವೋ ಅಂತ ಗುರುತಿಸಲೇಬೇಕು. ಮಕ್ಕಳಿಗಾಗಿ ಅಂದರೆ ಕಾಮೆಂಟ್ ಬಂದ್, ಜಾಹೀರಾತಿನ ಆದಾಯವೂ ಕಡಿಮೆಯಾಗಬಹುದು. ನಮ್ಮದು ಬರೀ ಮಕ್ಕಳಿಗಲ್ಲ, ಇಡೀ ಮನೆಗೆ ಅಲ್ವಾ? ಇಂಥ ವಿಡಿಯೋ ಮಾಡಿ ಅನುಭವ ಇರುವವರು ದಯವಿಟ್ಟು ದಾರಿ ತೋರಿಸಿ. ಬರಹಗಾರರೊಂದಿಗೆ ಹಕ್ಕಿನ ಕರಾರು ಬರೆದುಕೊಡುವ ವಕೀಲರಿದ್ದರೂ ತಿಳಿಸಿ. ಅದನ್ನು ಬಾಯಿಮಾತಿಗೆ ಬಿಡಲು ನನಗೆ ಇಷ್ಟವಿಲ್ಲ.