ಕೇಬಲ್ ಮುಟ್ಟಿದ್ರೆ ಎಸ್‌ಡಬ್ಲ್ಯೂಆರ್ ಬದಲಾಗ್ತಿದೆ, ಚೋಕ್ ಬಾಲನ್ ಹಾಕ್ಬೇಕಾ?

ನಾಪೋಕ್ಲು_ತೋಟ

ಎಲ್ಲರಿಗೂ ನಮಸ್ಕಾರ. ನಾಪೋಕ್ಲು ಹತ್ತಿರ ನಮ್ಮ ಕಾಫಿ ತೋಟ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು ಕಡೆ ಗುಡ್ಡ ಜಾರಿದಾಗ ಅಲ್ಲಿದ್ದ ನಮ್ಮ ಅತ್ತೆ ಮನೆಯವರ ಸುದ್ದಿ ಎರಡು ದಿನ ಸಿಗಲಿಲ್ಲ. ಫೋನೂ ಇಲ್ಲ, ಕರೆಂಟೂ ಇಲ್ಲ. ಹ್ಯಾಮ್ ರೇಡಿಯೋ ಕಲಿಯಲೇಬೇಕು ಅಂತ ಆವತ್ತೇ ತೀರ್ಮಾನ ಮಾಡಿದ್ದು. ಲೈಸೆನ್ಸ್ ಕೈಗೆ ಬಂದು ಎಂಟು ತಿಂಗಳಾಯ್ತು.

7.1 ಮೆಗಾಹರ್ಟ್ಸ್ ಡೈಪೋಲ್ (ನಡುವಿನಿಂದ ಎರಡೂ ಕಡೆ ಚಾಚಿದ ತಂತಿ ಆಂಟೆನಾ), ಒಂದೊಂದು ಕಡೆ 10 ಮೀಟರ್ ತಂತಿ. ನಡು ಸಿಲ್ವರ್ ಓಕ್ ಮರದ ಮೇಲೆ 12 ಮೀಟರ್ ಎತ್ತರದಲ್ಲಿ, ತುದಿಗಳು ಇಳಿಜಾರಾಗಿ ಕೆಳಗೆ. ಅಲ್ಲಿಂದ ಮನೆಗೆ 30 ಮೀಟರ್ ಆರ್‌ಜಿ-58 ಕೋಆಕ್ಸ್ ಕೇಬಲ್ (ನಡುವೆ ಒಂದು ತಂತಿ, ಸುತ್ತ ಲೋಹದ ಜಾಲರಿ), ನೇರವಾಗಿ ಬೆಸುಗೆ ಹಾಕಿದ್ದೇನೆ.

ಎಸ್‌ಡಬ್ಲ್ಯೂಆರ್ (ಪವರ್ ಎಷ್ಟು ವಾಪಸ್ ಬರ್ತಿದೆ ಅಂತ ತೋರಿಸೋ ಅಳತೆ, 1ಕ್ಕೆ ಹತ್ತಿರ ಇದ್ದಷ್ಟೂ ಒಳ್ಳೇದು) 1.6 ಇರುತ್ತೆ, ಕೇಬಲ್ ಕೈಯಲ್ಲಿ ಹಿಡಿದರೆ 2ರ ಮೇಲೆ ಹೋಗುತ್ತೆ. 100 ವ್ಯಾಟ್‌ನಲ್ಲಿ ಮಾತಾಡಿದರೆ ಮೈಕ್ ತುಟಿಗೆ ಚುರ್ ಅನ್ನುತ್ತೆ. ಇನ್ನೊಂದು, ಆನೆಗೆ ಅಂತ ಹಾಕಿರೋ ಸೋಲಾರ್ ಬೇಲಿಯ ಟಿಕ್ ಟಿಕ್ ಸೆಕೆಂಡಿಗೊಂದು ಸಲ ಸಿಗ್ನಲ್ ಮೀಟರ್‌ನಲ್ಲಿ ಎಸ್7 ಮಟ್ಟದಲ್ಲಿ ಹೊಡೀತಾ ಇದೆ. ಚೋಕ್ ಹಾಕಿದ್ರೆ ಇದೆಲ್ಲ ಸರಿಹೋಗುತ್ತಾ?

ಕುಶಾಲನಗರ_ಹಳಬ

ಮೊದಲ ಎರಡು ಖಂಡಿತ ಸರಿಹೋಗುತ್ತೆ. ಬೇಲಿ ಸದ್ದು ಅರ್ಧ ಹೋದೀತು.

ನಿಮ್ಮ ಆಂಟೆನಾಗೆ ಈಗ ಎರಡಲ್ಲ, ಮೂರು ಕೈ. ಕೋಆಕ್ಸ್ ಒಳಗೆ ನಡು ತಂತಿಯ ಕರೆಂಟೂ ಜಾಲರಿಯ ಒಳಮೈಯ ಕರೆಂಟೂ ಸರಿಸಮ, ಎದುರು ಬದುರು. ಆದರೆ ಈ ಫ್ರೀಕ್ವೆನ್ಸಿಯಲ್ಲಿ ಕರೆಂಟ್ ಲೋಹದ ಮೇಲ್ಪದರದಲ್ಲೇ ಹರಿಯೋದರಿಂದ ಜಾಲರಿಯ ಹೊರಮೈ ಬೇರೆಯೇ ಒಂದು ತಂತಿ ಇದ್ದ ಹಾಗೆ. ಡೈಪೋಲ್ ಹತ್ತಿರ ಒಳಗಿನ ಕರೆಂಟ್ ಹೊರಬಂದಾಗ ಒಂದು ಪಾಲು ಆ ಹೊರಮೈ ಹಿಡಿದು ಮನೆ ತನಕ ಇಳಿಯುತ್ತೆ. ಕೈ ಇಟ್ಟರೆ ಮೀಟರ್ ಅಲ್ಲಾಡೋದು, ಮೈಕ್ ಚುರ್ ಅನ್ನೋದು ಅದರಿಂದಲೇ. ಕೇಳುವಾಗ ಅದೇ ದಾರಿ ಉಲ್ಟಾ: ಇನ್ವರ್ಟರ್, ಎಲ್‌ಇಡಿ ಬಲ್ಬು, ಬೇಲಿ, ಎಲ್ಲದರ ಗಲಾಟೆ ಹೊರಮೈ ಮೇಲೆ ಹತ್ತಿ ರೇಡಿಯೋ ಸೆಟ್‌ಗೆ ಬರುತ್ತೆ.

ಚೋಕ್ ಅಥವಾ ಚೋಕ್ ಬಾಲನ್ ಅಂದರೆ ಆ ಹೊರಮೈಗೆ ಮಾತ್ರ ಒಡ್ಡೋ ತಡೆ. ಒಳಗಿನ ಸಿಗ್ನಲ್‌ಗೆ ಅದು ಗೊತ್ತೇ ಆಗಲ್ಲ. ಎಫ್‌ಟಿ240-31 ಅಂತ 61 ಮಿಲಿಮೀಟರ್ ಅಗಲದ ಫೆರೈಟ್ ರಿಂಗ್ ಸಿಗುತ್ತೆ. ಆರ್‌ಜಿ-58 ಅನ್ನು 12 ಸುತ್ತು ಸುತ್ತಿ, 7 ಮೆಗಾಹರ್ಟ್ಸ್‌ನಲ್ಲಿ ಕೆಲವು ಸಾವಿರ ಓಮ್ ಬರುತ್ತೆ. ಮಡಚಿ ಎಳೀಬೇಡಿ, ಒಳಗಿನ ಪ್ಲಾಸ್ಟಿಕ್ ಮೆತ್ತಗಾದರೆ ನಡು ತಂತಿ ಪಕ್ಕಕ್ಕೆ ಸರಿಯುತ್ತೆ. ಕೊನೆ 31 ಅನ್ನೋದು ಮುಖ್ಯ, ಅದು ಮಿಶ್ರಣದ ನಂಬರ್. ಹಳೇ ಕಂಪ್ಯೂಟರ್ ಪವರ್ ಸಪ್ಲೈನ ಹಳದಿ ರಿಂಗ್‌ಗೆ ನಾನೊಮ್ಮೆ ಇಡೀ ಭಾನುವಾರ ಸುತ್ತಿದ್ದೆ, ಮೀಟರ್ ಒಂದು ಗೆರೆ ಕದಲಲಿಲ್ಲ. ಅದು ಕಬ್ಬಿಣದ ಪುಡಿ, ಈ ಕೆಲಸಕ್ಕಲ್ಲ.

ಡೈಪೋಲ್‌ನ ನಡುವಿಗೆ ತಾಗಿಸಿಯೇ ಹಾಕಿ. ನಮ್ಮ ಮಳೆಗೆ ಡಬ್ಬಿ ಬೇಕೇ ಬೇಕು, ಅಡಿಯಲ್ಲಿ ಒಂದು ಸಣ್ಣ ತೂತು ಬಿಡಿ. ಪೂರ್ತಿ ಮುಚ್ಚಿದರೆ ಬೆವರಿದ ನೀರು ಒಳಗೇ ನಿಂತು ಬೆಸುಗೆ ಹಸಿರಾಗುತ್ತೆ. ಕೇಬಲ್ ಯಾವ ಕಡೆಯಿಂದ ಇಳಿದಿದೆ? ಒಂದು ತಂತಿಯ ಪಕ್ಕದಲ್ಲೇ ಬಂದಿದ್ದರೆ ಚೋಕ್ ಆಚೆಗೂ ಕರೆಂಟ್ ಹತ್ತುತ್ತೆ, ಮರದ ಬುಡಕ್ಕೆ ನೇರ ಇಳಿಸಿ.

ಸೋಮವಾರಪೇಟೆ_ಮೇಷ್ಟ್ರು

ರಿಂಗ್ ಬರೋ ತನಕ ಕಾಯಬೇಕಿಲ್ಲ. 110 ಮಿಲಿಮೀಟರ್ ಪಿವಿಸಿ ಪೈಪ್ ತುಂಡಿಗೆ 6 ಮೀಟರ್ ಕೇಬಲ್ ಒತ್ತೊತ್ತಾಗಿ ಸುತ್ತಿ, 16 ಸುತ್ತಾಗುತ್ತೆ. 40 ಮೀಟರ್ ಬ್ಯಾಂಡ್, ಅಂದ್ರೆ ನಿಮ್ಮ 7 ಮೆಗಾಹರ್ಟ್ಸ್ ಒಂದಕ್ಕೆ ಕೆಲಸ ನಡೆಯುತ್ತೆ.

ಕುಶಾಲನಗರ_ಹಳಬ

ಮೇಷ್ಟ್ರು ಹೇಳಿದ್ದು ಸರಿ, ತಕ್ಷಣಕ್ಕೆ ಅದೇ ಮಾಡಿ. ಆದರೆ ಗಾಳಿ ಸುರುಳಿಯ ತಡೆ ಬರೀ ಇಂಡಕ್ಟೆನ್ಸ್. ಕೇಬಲ್‌ನ ಉದ್ದ ಕೈಕೊಟ್ಟರೆ ಅದರ ಕೆಪಾಸಿಟೆನ್ಸ್ ಈ ತಡೆಯನ್ನು ವಜಾ ಮಾಡಿಬಿಡುತ್ತೆ. 31ರ ರಿಂಗ್‌ನಲ್ಲಿ ತಡೆಯ ಬಹುಪಾಲು ರೆಸಿಸ್ಟೆನ್ಸ್, ಉದ್ದ ಎಷ್ಟಿದ್ದರೂ ನಿಲ್ಲುತ್ತೆ.

ನಾಪೋಕ್ಲು_ತೋಟ

ಹದಿನೈದು ದಿನ ಆಯ್ತು, ಕ್ಷಮಿಸಿ, ಮೆಣಸು ಕೊಯ್ಲು ನಡೀತಿತ್ತು. ಮೊದಲು ಪೈಪ್ ಸುರುಳಿ ಹಾಕಿದೆ, ಕೈ ಇಟ್ಟರೆ ಮೀಟರ್ ಸ್ವಲ್ಪ ಅಲ್ಲಾಡ್ತಿತ್ತು. ರಿಂಗ್ ಬಂದ ಮೇಲೆ 12 ಸುತ್ತು ಸುತ್ತಿ ಮೇಲೆ ಏರಿಸಿದೆ. ಮೆಣಸು ಕೊಯ್ಯೋ ಏಣಿ ಹೇಗೂ ಮರಕ್ಕೆ ಒರಗಿಸಿತ್ತು. ಈಗ ಕೇಬಲ್ ಎಲ್ಲಿ ಹಿಡಿದರೂ ಎಸ್‌ಡಬ್ಲ್ಯೂಆರ್ 1.4, ಮುಳ್ಳು ಅಲ್ಲಾಡಲ್ಲ. ಮೈಕೂ ಸುಮ್ಮನಾಗಿದೆ. ಕೇಬಲ್ ಒಂದು ತಂತಿಯ ಪಕ್ಕದಲ್ಲೇ ಬಂದಿತ್ತು ಸರ್, ಅದನ್ನೂ ಬದಲಾಯಿಸಿದೆ.

ಟಿಕ್ ಟಿಕ್ ಎಸ್4ಕ್ಕೆ ಇಳಿದಿದೆ, ಪೂರ್ತಿ ಹೋಗಿಲ್ಲ.

ಕುಶಾಲನಗರ_ಹಳಬ

ಬಹಳ ಸಂತೋಷ. ಉಳಿದದ್ದು ಆಂಟೆನಾಗೇ ಬರ್ತಿರೋದು, ಅದಕ್ಕೆ ಚೋಕ್ ಏನೂ ಮಾಡಲ್ಲ. ಬೇಲಿ ತಂತಿಗೆ ಎಲ್ಲೋ ಲಂಟಾನ ತಾಗಿ, ಇಲ್ಲಾ ಇನ್ಸುಲೇಟರ್ ಒಡೆದು ಕಿಡಿ ಹಾರ್ತಿರುತ್ತೆ. ಟ್ರಾನ್ಸಿಸ್ಟರ್ ರೇಡಿಯೋವನ್ನು ಮೀಡಿಯಂ ವೇವ್‌ನಲ್ಲಿ ಸ್ಟೇಷನ್ ಇಲ್ಲದ ಕಡೆ ಇಟ್ಟುಕೊಂಡು ಬೇಲಿ ಪಕ್ಕ ನಡೀರಿ, ಸದ್ದು ಜಾಸ್ತಿಯಾದ ಕಡೆ ಹುಡುಕಿ. ಬೆಳಿಗ್ಗೆ ಬಿಸಿಲು ಏರಿದ ಮೇಲೆ ಹೋಗಿ, ಸಂಜೆ ಬೇಡ. ಆ ಕಡೆ ಒಂಟಿ ಸಲಗ ಓಡಾಡ್ತಿದೆ ಅಂತ ಕೇಳಿದೆ.