ಸಹಾಯ ಬೇಕು: ನಮ್ಮ ಆಮೆಯ ಚಿಪ್ಪು ಮೆತ್ತಗಾಗಿದೆ, ಏನು ತಿನ್ನಿಸಲಿ?

ಎಲ್ಲರಿಗೂ ನಮಸ್ಕಾರ. ನಾವು ವಿಜಯಪುರದವರು. ಮನೆಯಲ್ಲಿ ಒಂದು ರೆಡ್ ಇಯರ್ಡ್ ಸ್ಲೈಡರ್ ಆಮೆ ಇದೆ, ಹೆಸರು ಗುಂಡ. (ನಕ್ಷತ್ರ ಆಮೆ ಅಲ್ಲ, ಅದನ್ನು ಸಾಕೋದು ಅಪರಾಧ ಅಂತ ಗೊತ್ತು.) ವಯಸ್ಸು ಒಂದೂವರೆ ವರ್ಷ, ನನ್ನ ಅಂಗೈಯಷ್ಟಿದೆ.

ಮೊನ್ನೆ ತೊಟ್ಟಿ ತೊಳೆಯುವಾಗ ಎತ್ತಿಕೊಂಡೆ. ಚಿಪ್ಪಿನ ಅಂಚು ಹೆಬ್ಬೆರಳಿಗೆ ಒತ್ತಿದರೆ ನೆನೆದ ರಟ್ಟಿನ ಹಾಗೆ ಬಗ್ಗುತ್ತಿದೆ. ಎದೆ ಧಸಕ್ಕೆಂದಿತು.

ತಪ್ಪು ನನ್ನದೇ. ಅಂಗಡಿಯವರು ಕೊಟ್ಟ ಒಣ ಸಿಗಡಿ ಬಿಟ್ಟು ಬೇರೆ ಏನೂ ಹಾಕಿಲ್ಲ. ಅವ್ವ ಕದ್ದು ಜೋಳದ ರೊಟ್ಟಿ ಚೂರು ಹಾಕ್ತಿದ್ದಳಂತೆ, ಈಗ ಗೊತ್ತಾಯ್ತು! ತೊಟ್ಟಿ ಕಿಟಕಿ ಪಕ್ಕ ಇದೆ, ಬಿಸಿಲು ಸಾಕು ಅಂದುಕೊಂಡಿದ್ದೆ. ಗಾಜು ಬಿಸಿಲಿನಲ್ಲಿರುವ ಯುವಿಬಿ ಕಿರಣ ತಡೆಯುತ್ತೆ, ಆ ಕಿರಣ ಇಲ್ಲದೆ ಮೈಯಲ್ಲಿ ವಿಟಮಿನ್ ಡಿ3 ಆಗಲ್ಲ, ಡಿ3 ಇಲ್ಲದೆ ಕ್ಯಾಲ್ಸಿಯಂ ಮೈಗೆ ಹತ್ತಲ್ಲ ಅಂತ ಈಗ ಓದಿದೆ.

ಇಲ್ಲಿನ ಡಾಕ್ಟರು ದನ, ನಾಯಿ ನೋಡ್ತಾರೆ, ಆಮೆ ಗೊತ್ತಿಲ್ಲ ಅಂದರು. ಪ್ರಾಮಾಣಿಕವಾಗಿ ಹೇಳಿದರಲ್ಲ, ಅದೇ ಒಳ್ಳೇದು. ಬೆಳಗಾವಿ ಕಡೆ ಆಮೆ ನೋಡುವವರು ಯಾರಾದರೂ ಇದ್ದಾರಾ?

ಪಾಲಕ್‌ನಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಹಿಡಿದಿಡುತ್ತೆ, ಅದು ಬೇಡ ಸರಿ. ಸಂತೆಯಲ್ಲಿ ಸಿಗುವ ಹಕ್ಕರಕಿ, ನುಗ್ಗೆ ತಪ್ಪಲು ಹಾಕಬಹುದಾ? ಕ್ಯಾಲ್ಸಿಯಂಗೆ ಕೊಡುವ ಕಟಲ್‌ಬೋನ್ (ಕಟಲ್‌ಫಿಶ್ ಅನ್ನೋ ಸಮುದ್ರಜೀವಿಯ ಒಳಚಿಪ್ಪು) ತೇಲಿಬಿಟ್ಟರೆ ಕಚ್ಚುತ್ತಾ, ಇಲ್ಲ ಪುಡಿ ಮಾಡಿ ಉದುರಿಸಬೇಕಾ? ಬೆಳಗಿನ ಎಳೆಬಿಸಿಲಲ್ಲಿ ಬುಟ್ಟಿಯಲ್ಲಿಟ್ಟು, ಅರ್ಧ ನೆರಳು ಮಾಡಿ, ನಾನು ಪಕ್ಕದಲ್ಲೇ ಕೂತಿರ್ತೀನಿ. ಎಷ್ಟು ಹೊತ್ತು ಸಾಕು? ಸಾಕಿ ಅನುಭವ ಇರುವವರು ದಯವಿಟ್ಟು ಹೇಳಿ. ಫೋಟೊ ಕೆಳಗೆ ಹಾಕಿದ್ದೀನಿ.